ಎಷ್ಟು ದೂರ ನಿಲ್ಲಬೇಕು ಸಾ?

ಅಕ್ಟೋಬರ್ ಹತ್ತಿರ ಬಂತೆಂದರೆ ಶಾಲೆಗೆ ಸುತ್ತೋಲೆ ಬರುತ್ತಿತ್ತು. ಎರಡನೇ ತಾರೀಖಿನಿಂದ ಎಂಟರವರೆಗೆ ವನ್ಯಜೀವಿ ಸಪ್ತಾಹ. ಚಿತ್ರ ಬರೆಯುವ ಸ್ಪರ್ಧೆ, ಭಾಷಣ ಸ್ಪರ್ಧೆ, ಘೋಷಣೆ ಬರೆಯುವ ಸ್ಪರ್ಧೆ ನಡೆಸಿ ವರದಿ ಕಳಿಸತಕ್ಕದ್ದು. ನಾನು ಮೇಷ್ಟ್ರಾಗಿದ್ದ ಊರು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನಲ್ಲಿತ್ತು. ಶಾಲೆಯ ಹಿಂದೆ ರಾಗಿ ಹೊಲ, ಅದರಾಚೆ ಹತ್ತಿ, ಹತ್ತಿಯಾಚೆ ಆನೆ ಕಂದಕ, ಕಂದಕದಾಚೆ ನಾಗರಹೊಳೆ. ಸಪ್ತಾಹ ಮುಗಿಯುವ ಹೊತ್ತಿಗೆ ರಾಗಿ ತೆನೆ ಹಾಲು ಕಟ್ಟುತ್ತಿರುತ್ತದೆ. ಮಕ್ಕಳು ಅಪ್ಪಂದಿರ ಜೊತೆ ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂತು, ತಮಟೆ ಬಡಿದು, ಬೆಳಿಗ್ಗೆ ಪ್ರಾರ್ಥನೆಗೆ ನಿಂತಲ್ಲೇ ತೂಕಡಿಸುತ್ತಿದ್ದರು. ಈ ಸಪ್ತಾಹವನ್ನು ಈ ತಿಂಗಳಿಗೇ ಇಟ್ಟವರು ರಾಗಿ ಬೆಳೆದವರಲ್ಲ ಎಂದು ನಮ್ಮ ಹೆಡ್‌ಮಾಸ್ತರರು ಪ್ರತಿವರ್ಷ ಒಂದು ಸಲವಾದರೂ ಹೇಳುತ್ತಿದ್ದರು.

ಘೋಷಣೆ ಬರೆಯಿರಿ ಎಂದರೆ ಮಕ್ಕಳು ಬರೆಯುತ್ತಿದ್ದರು. ಕಾಡು ಉಳಿಸಿ, ಪ್ರಾಣಿ ಪ್ರೀತಿಸಿ, ಆನೆ ನಮ್ಮ ಮಿತ್ರ. ಬೋರ್ಡಿನ ಮೇಲೆ ಯಾವ ಪದ ಇದ್ದರೂ ಹಾಗೇ ಇಳಿಸಿಕೊಳ್ಳುವುದು ಸರ್ಕಾರಿ ಶಾಲೆಯ ಮಕ್ಕಳಿಗೆ ಒಂದನೇ ತರಗತಿಯಲ್ಲೇ ಬಂದುಬಿಡುವ ವಿದ್ಯೆ. ಆರನೇ ತರಗತಿಯ ಒಬ್ಬ ಹುಡುಗ ಮಾತ್ರ ಒಂದು ವರ್ಷ ತನ್ನದೇ ಒಂದು ಬರೆದ: ‘ಕಾಡು ಬೆಳೆಸಿ, ಆನೆ ಅಲ್ಲೇ ಇರಿಸಿ.’ ಅದನ್ನು ತಾಲ್ಲೂಕಿಗೆ ಕಳಿಸಿದೆ. ಬಹುಮಾನ ಬರಲಿಲ್ಲ. ಇಷ್ಟು ವರ್ಷವಾದರೂ ನನಗೆ ನೆನಪಿರುವ ಘೋಷಣೆ ಅದೊಂದೇ. ಆನೆ ಬೇಡ ಎಂದು ಅವನು ಬರೆದಿರಲಿಲ್ಲ. ಎಲ್ಲಿರಬೇಕೋ ಅಲ್ಲಿರಲಿ, ನಡುವೆ ಇಷ್ಟು ಜಾಗ ಇರಲಿ ಎಂದಿದ್ದ.

ಆ ಹುಡುಗಿಯ ತಾತನನ್ನು ಶಾಲೆಗೆ ಕರೆಸಿದ್ದು ಅದೇ ವರ್ಷ. ‘ಆ ಹುಡುಗಿ’ ಎಂದರೆ ಐದನೇ ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು, ನಾನು ಹೇಳಿದ್ದಕ್ಕೆಲ್ಲ ‘ನಮ್ತಾತ ಹಂಗಲ್ಲ ಅಂತದೆ ಸಾ’ ಎನ್ನುತ್ತಿದ್ದವಳು. ತಾತ ಪ್ರಾಯದಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಕೂಲಿ ಮಾಡಿದವರು. ಹತ್ತೊಂಬತ್ತನೇ ಶತಮಾನದಲ್ಲಿ ಸ್ಯಾಂಡರ್‌ಸನ್ ಎಂಬ ಅಧಿಕಾರಿ ಮೈಸೂರು ಸೀಮೆಯಲ್ಲಿ ಶುರು ಮಾಡಿದ ಆ ಆನೆ ಹಿಡಿಯುವ ಕೆಲಸ ಕೊನೆಯ ಸಲ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿಗೆ ಅಣೆಕಟ್ಟು ಬಂತು, ಖೆಡ್ಡಾದ ಜಾಗ ನೀರಿನಡಿ ಹೋಯಿತು. ಮಾಸ್ತಿಯವರ ನಾಟಕದಿಂದ ಕಾಕನಕೋಟೆಯ ಹೆಸರು ಕೇಳಿದ್ದ ನಾನು, ಅಲ್ಲಿ ತಮಟೆ ಬಡಿದ ಕೈಗಳನ್ನು ಕಂಡದ್ದು ಅದೇ ಮೊದಲು.

ತಾತ ಬಂದವರು ಕುರ್ಚಿಯಲ್ಲಿ ಕೂರಲಿಲ್ಲ. ಬಾಗಿಲ ಹೊರಗೆ ಹೋಗಿ ಒಂದು ಹಿಡಿ ಧೂಳು ತಂದು, ಎಲ್ಲರೂ ನೋಡುವ ಹಾಗೆ ಮೇಲಿಂದ ಬಿಟ್ಟರು. ಧೂಳು ಕಿಟಕಿಯ ಕಡೆ ಹಾರಿತು. “ಆನಗೆ ಕಣ್ಣು ಅಷ್ಟಕ್ಕಷ್ಟೇ. ಮೂಗು ನಿಮ್ಮ ಮೇಷ್ಟ್ರಿಗಿಂತ್ಲೂವೆ ಚುರ್ಕು. ಗಾಳಿ ನಿಮ್ಮಿಂದ ಅದ್ರ ಕಡೆ ಹೋಯ್ತಿದ್ರೆ ನೀವಿರೋದು ಅದ್ಕೆ ಗೊತ್ತಾಯ್ತದೆ ಅಂತಾನೇ ತಿಳ್ಕಳಿ” ಎಂದರು. ಮೇಷ್ಟ್ರ ಮೂಗಿನ ಮಾತಿಗೆ ತರಗತಿ ನಕ್ಕಿತು. ಹೋಗುವಾಗ ನನ್ನ ಕಿವಿಯಲ್ಲಿ ಒಂದು ಲೆಕ್ಕ ಹೇಳಿದರು. ಮುಂಗಾಲಿನ ಹೆಜ್ಜೆಯ ಸುತ್ತಳತೆ ತೆಗೆದು ಎರಡರಷ್ಟು ಮಾಡಿದರೆ ಹೆಚ್ಚುಕಡಿಮೆ ಆನೆಯ ಭುಜದ ಎತ್ತರ ಸಿಗುತ್ತದೆ. ಮಾವುತರಿಗೆಲ್ಲ ಗೊತ್ತಿರುವ ಲೆಕ್ಕ ಇದು. ನನಗೆ ಗೊತ್ತಿರಲಿಲ್ಲ, ಪಠ್ಯಪುಸ್ತಕದಲ್ಲೂ ಇರಲಿಲ್ಲ.

ಕೆಲವೇ ದಿನಕ್ಕೆ ಶಾಲೆಯ ಹಿಂದಿನ ಹೊಲಕ್ಕೆ ಸಲಗ ಬಂತು. ಹಿಂದಿನ ಸಂಜೆ ಮಳೆ ಬಿದ್ದಿದ್ದರಿಂದ ಹೆಜ್ಜೆಗಳು ಅಚ್ಚೊತ್ತಿದಂತಿದ್ದವು. ಹೊಲದ ಯಜಮಾನನ ಸಂಕಟ ಕಣ್ಣೆದುರಿಗಿರುವಾಗ ಹಗ್ಗ ಹಿಡಿದು ಅಳೆಯಲು ಹೋಗುವುದು ಹೇಗೆ? ಮೊದಲು ಹುಡುಗರನ್ನೆಲ್ಲ ಹಚ್ಚಿ ಬಿದ್ದ ಪೈರನ್ನು ಎತ್ತಿ ಕಟ್ಟಿಸಿದೆ. ಆಮೇಲೆ ಆತನೇ “ಅಳೀರಿ ಅಳೀರಿ, ಎಷ್ಟು ದೊಡ್ಡದಿತ್ತು ಅಂತ ನಾನೂ ನೋಡ್ಬೇಕು” ಎಂದ. ಆನೆಯ ಹಿಂಗಾಲು ಮುಂಗಾಲಿನ ಗುರುತನ್ನೇ ತುಳಿದು ಅಳಿಸಿಬಿಡುತ್ತದೆ. ಹಿಂಗಾಲಿನದು ಉದ್ದಕ್ಕೆ, ಮುಂಗಾಲಿನದು ದುಂಡಗೆ. ಕೆಡದೆ ಉಳಿದ ಒಂದು ದುಂಡು ಹೆಜ್ಜೆಯನ್ನು ಹುಡುಕಿ, ಅಂಚಿನ ಸುತ್ತ ಗೋಣಿದಾರ ಇಟ್ಟು ಅಳೆದೆವು. ನಾಲ್ಕು ಅಡಿ ಆರು ಅಂಗುಲ. ಎರಡರಷ್ಟು ಮಾಡಿದರೆ ಒಂಬತ್ತು ಅಡಿ.

ಒಂಬತ್ತು ಅಡಿ ಎಂದು ಬಾಯಲ್ಲಿ ಹೇಳುವುದು ಸುಲಭ. ಶಾಲೆಯ ಹೊರಗೋಡೆಗೆ ಬೆಂಚು ಹಾಕಿ, ಬೆಂಚಿನ ಮೇಲೆ ಸ್ಟೂಲು ಇಟ್ಟು, ಅಡುಗೆ ಒಲೆಯ ಇದ್ದಿಲಿನಲ್ಲಿ ಆ ಎತ್ತರಕ್ಕೊಂದು ಗೆರೆ ಎಳೆದಾಗ ಮಕ್ಕಳು ಸುಮ್ಮನಾದರು. ಗೆರೆ ಇದ್ದದ್ದು ಬಾಗಿಲಿಗಿಂತ ಮೇಲೆ. ಚಿತ್ರ ಬರೆಯುವ ಕೈ ಇದ್ದ ಒಬ್ಬಳು ಗೆರೆಯಿಂದ ಕೆಳಗೆ ಆನೆಯನ್ನು ಇಳಿಸಿದಳು. ಭುಜವೇ ಅಲ್ಲಿಗೆ ಬಂದಮೇಲೆ ತಲೆಗೆ ಗೋಡೆ ಸಾಲದೆ ಸೂರಿನ ಹೆಂಚಿನ ತನಕ ಹೋಯಿತು. ಒಬ್ಬೊಬ್ಬರೇ ಹೋಗಿ ಅದರ ಮುಂಗಾಲಿನ ಪಕ್ಕ ನಿಂತು ನೋಡಿದರು. ರಾತ್ರಿ ಟಾರ್ಚಿನ ಬೆಳಕಿನಲ್ಲಿ ತುಂಡು ತುಂಡಾಗಿ, ಒಂದು ಕಿವಿ, ಒಂದು ಬೆನ್ನು ಎಂದು ಕಂಡಿದ್ದ ಪ್ರಾಣಿ ಹಗಲು ಹೊತ್ತು ಪೂರ್ತಿಯಾಗಿ ನಿಂತಿತ್ತು. ಘೋಷಣೆಯ ಹುಡುಗ ಆಗ ಕೇಳಿದ: “ಹಂಗಾರೆ ಎಷ್ಟು ದೂರ ನಿಲ್ಲಬೇಕು ಸಾ?”

ನನ್ನ ಮೇಷ್ಟ್ರಗಿರಿಯಲ್ಲಿ ಅಷ್ಟು ಒಳ್ಳೆಯ ಪ್ರಶ್ನೆಯನ್ನು ಇನ್ಯಾರೂ ಕೇಳಿದ ನೆನಪಿಲ್ಲ. ಅದನ್ನು ಲೆಕ್ಕ ಮಾಡಿಯೇ ನೋಡೋಣ ಎಂದೆ. ಆನೆ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬರಬಲ್ಲದು, ಅಂದರೆ ಸೆಕೆಂಡಿಗೆ ಸುಮಾರು ಏಳು ಮೀಟರ್. ಮೈದಾನದಲ್ಲಿ 50 ಮೀಟರ್ ಗುರುತು ಹಾಕಿ ಮಕ್ಕಳನ್ನು ಓಡಿಸಿದೆ. ಚುರುಕಾದವರಿಗೆ ಹತ್ತು ಸೆಕೆಂಡು, ಅಂದರೆ ಸೆಕೆಂಡಿಗೆ ಐದು ಮೀಟರ್. ಮನೆ ನೂರು ಮೀಟರ್ ದೂರದಲ್ಲಿದ್ದರೆ ತಲುಪಲು ನಿನಗೆ ಇಪ್ಪತ್ತು ಸೆಕೆಂಡು ಬೇಕು. ಅಷ್ಟರಲ್ಲಿ ಆನೆ 140 ಮೀಟರ್ ಬಂದಿರುತ್ತದೆ. ಹಾಗಾದರೆ ಓಟ ಶುರುವಾಗುವಾಗ ನಿನಗೂ ಅದಕ್ಕೂ ನಡುವೆ ಎಷ್ಟು ಅಂತರ ಇರಲೇಬೇಕು? ನಲವತ್ತು ಮೀಟರ್ ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ವೇಗ, ಕಾಲ, ದೂರದ ಪಾಠದಲ್ಲಿ ಎರಡು ರೈಲುಗಳ ಲೆಕ್ಕಕ್ಕೆ ಬಾಯಿ ಬಿಡದವನೇ ಅವನು. ಅವನು ಅಲ್ಲಿಗೇ ಬಿಡಲಿಲ್ಲ. ಎಡವಿದರೆ? ಕತ್ತಲಾಗಿದ್ದರೆ? ತಂಗಿಯನ್ನು ಎತ್ತಿಕೊಂಡಿದ್ದರೆ? ಕೇಳುತ್ತ ಕೇಳುತ್ತ ನಲವತ್ತು ನೂರಾಯಿತು, ನೂರು ಇನ್ನೂರಾಯಿತು. ಕೊನೆಗೆ ಆನೆ ಕಂಡ ಕೂಡಲೇ ಮನೆಯೊಳಗೆ ಹೋಗುವುದು, ಕಲ್ಲು ಹೊಡೆಯುವ ದೊಡ್ಡವರ ಹಿಂದೆ ಓಡದಿರುವುದು ಎಂದು ಅವರೇ ತೀರ್ಮಾನಿಸಿದರು.

ಮಕ್ಕಳಿಗೆ ಪ್ರಾಣಿಗಳ ಮೇಲೆ ಗೌರವ ಕಲಿಸುವುದು ಹೇಗೆ ಎಂದು ಈಗಲೂ ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಈ ಗೋಡೆ ಮತ್ತು ಈ ಲೆಕ್ಕ. ಪ್ರೀತಿಸಿ ಎಂದು ನಾವು ಹೇಳುವುದು ಪ್ರಾಣಿ ತನ್ನ ಪಾಡಿಗೆ ಇರುವಾಗ ಚೆನ್ನಾಗಿಯೇ ಇರುತ್ತದೆ. ವರ್ಷದ ಗಂಜಿಯನ್ನು ಒಂದೇ ರಾತ್ರಿಯಲ್ಲಿ ತುಳಿದು ಹೋದ ಮೇಲೂ ಪ್ರೀತಿಸು ಎಂದು ಹತ್ತು ವರ್ಷದ ಮಗುವಿಗೆ ಹೇಳುವ ಹಕ್ಕು ನನಗಂತೂ ಇರಲಿಲ್ಲ. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆಗಳಿವೆ ಎಂದು ಬಂದಾಗ ದೇಶಕ್ಕೇ ಮೊದಲು ಎಂದು ಪತ್ರಿಕೆಗಳೆಲ್ಲ ಬರೆದವು. ನನಗೂ ಖುಷಿಯಾಯಿತು. ಆದರೆ ಹೊಲದಂಚಿನವರ ಗಣತಿಯಲ್ಲಿ ಇರುವುದು ನಿನ್ನೆ ರಾತ್ರಿ ಬಂದ ಒಂದೇ ಆನೆ. ಅದರ ಗಾತ್ರ, ಮೂಗು, ನಡೆ, ಸಿಟ್ಟು ಗೊತ್ತಿದ್ದರೆ ಅದಕ್ಕೆ ಸಲ್ಲಬೇಕಾದ ಮರ್ಯಾದೆ ತಾನಾಗಿ ಬರುತ್ತದೆ. ಪ್ರೀತಿ ಆಮೇಲೆ ಬಂದರೂ ಬರಬಹುದು, ಬಾರದಿದ್ದರೂ ನಷ್ಟವಿಲ್ಲ.

ಹಾಡಿಯಿಂದ ಬರುತ್ತಿದ್ದ ಜೇನುಕುರುಬರ ಹುಡುಗನೊಬ್ಬನ ಹಾಜರಿ ಯಾವಾಗಲೂ ಕಡಿಮೆ. ಯಾಕೋ ಎಂದರೆ “ದಾರೀಲಿ ಆನ ಇತ್ತು ಸಾ” ಎನ್ನುತ್ತಿದ್ದ. ಉಳಿದವರು ನಗುತ್ತಿದ್ದರು. ಅವನು ಹೇಳುತ್ತಿದ್ದದ್ದು ನಿಜ ಎಂದು ಗೊತ್ತಾದ ಮೇಲೆ ನಾನು ಹಾಜರಿ ಪುಸ್ತಕದ ಷರಾ ಕಾಲಂನಲ್ಲಿ ‘ಆನೆ’ ಎಂದೇ ಬರೆಯತೊಡಗಿದೆ. ತಪಾಸಣೆಗೆ ಬಂದವರೊಬ್ಬರು ಅದನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಲದ್ದಿ ನೋಡಿ ಆನೆ ಯಾವಾಗ ಹೋಯಿತು ಎಂದು ಹೇಳುವುದನ್ನು ತರಗತಿಗೆ ಕಲಿಸಿದವನು ಅವನೇ: ಮೇಲೆ ಒಣಗಿದೆಯೋ ಹಸಿಯೋ, ನೊಣ ಕೂತಿದೆಯೋ, ಕಡ್ಡಿಯಿಂದ ಬಿಡಿಸಿದರೆ ಒಳಗೆ ಬಿಸಿ ಇದೆಯೋ. ಆನೆ ತಿಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅರಗದೆ ಹಾಗೇ ಹೊರಬರುತ್ತದೆ. ಲದ್ದಿಯೊಳಗೆ ಹುಣಸೆ ಬೀಜ, ಹಲಸಿನ ಬೀಜ, ಬೇಲದ ಬೀಜ, ಜೊತೆಗೆ ನಮ್ಮೂರಿನದೇ ರಾಗಿ. ಬೀಜಗಳನ್ನು ಆರಿಸಿ ಹಳೇ ಡಬ್ಬಗಳಲ್ಲಿ ಊರಿದೆವು. ಕೆಲವು ಮೊಳೆತವು, ಹಲಸು ಒಂದು ಮರವೂ ಆಯಿತು. ಅದರ ಹಣ್ಣಿನ ವಾಸನೆಗೆ ಆನೆ ಬಂದರೆ ಏನು ಗತಿ ಎಂದು ಹೆದರಿ, ಕಾಯಿ ಎಳೆಯದಾಗಿರುವಾಗಲೇ ಕೊಯ್ದು ಪಲ್ಯಕ್ಕೆ ಹಾಕುವುದು ರೂಢಿಯಾಯಿತು.

ಬಿಸಿಯೂಟ ಶುರುವಾದ ಮೇಲೆ ಶಾಲೆಗೆ ಅಕ್ಕಿ ಮೂಟೆ ಬಂತು. ಅಕ್ಕಿಯ ಹಿಂದೆ ಇಲಿ, ಇಲಿಯ ಹಿಂದೆ ಕೇರೆಹಾವು. ಅಡುಗೆಯಮ್ಮ ಮೊದಲ ದಿನ ಕೂಗಿಕೊಂಡಾಗ ದೊಡ್ಡ ಹುಡುಗರು ದೊಣ್ಣೆ ಹಿಡಿದೇ ಬಂದಿದ್ದರು. ಬಾಗಿಲು ತೆಗೆದಿಟ್ಟು ಎಲ್ಲರೂ ಹೊರಗೆ ಕಾಯುವುದು ಎಂಬ ನಿಯಮ ಮಾಡಿದೆವು. ಹಾವು ತಾನಾಗಿ ಹೋಯಿತು. ಹಾವಿನ ವಿಷಯದಲ್ಲಿ ನಾನು ಭಾವುಕತೆಗೆ ಜಾಗವನ್ನೇ ಕೊಡಲಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕನ್ನು ಚಿತ್ರ ನೋಡಿ ಗುರುತಿಸಬೇಕು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನೇ ಹೆಚ್ಚಾಗಿ ಕಚ್ಚುವುದು, ಆದ್ದರಿಂದ ಸೊಳ್ಳೆಪರದೆಯ ಅಂಚನ್ನು ಚಾಪೆಯಡಿ ಸಿಕ್ಕಿಸಬೇಕು. ಕಚ್ಚಿದರೆ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ನಾಟಿ ಔಷಧಿಗೆ ಓಡಬಾರದು, ನೇರ ಆಸ್ಪತ್ರೆ. ಇಷ್ಟನ್ನು ಮಗ್ಗಿಯ ಜೊತೆ ಹೇಳಿಸುತ್ತಿದ್ದೆ. ಯಾವ ಹಾವು ಎಂದು ತಿಳಿದವರು ಎಲ್ಲ ಹಾವನ್ನೂ ಹೊಡೆಯುವುದಿಲ್ಲ. ಅಷ್ಟಾದರೆ ಸಾಕೆಂದು ಸುಮ್ಮನಿದ್ದೆ.

ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಕಾಡಿನೊಳಗೆ ಹೋಗಿಯೇ ಇರಲಿಲ್ಲ ಎಂದು ನನಗೆ ತಿಳಿದದ್ದು ತಡವಾಗಿ. ದೂರದೂರುಗಳಿಂದ ಬಂದವರು ಸಾವಿರಾರು ರೂಪಾಯಿ ಕೊಟ್ಟು ಜೀಪಿನಲ್ಲಿ ಕೂತು ನೋಡುತ್ತಿದ್ದ ಆನೆಗಳು ಇವರಿಗೆ ಬರೀ ರಾತ್ರಿಯ ಸದ್ದು. ಆಗಿದ್ದ ರೇಂಜರ್ ಒಬ್ಬರು ಒಂದು ಏಪ್ರಿಲ್‌ನಲ್ಲಿ ಇಲಾಖೆಯ ಬಸ್ಸು ಕೊಡಿಸಿದರು. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದು, ನೀರು ಬಿಟ್ಟುಕೊಟ್ಟ ನೆಲದಲ್ಲಿ ಹಸಿ ಹುಲ್ಲು ಹುಟ್ಟುತ್ತದೆ. ನಾಗರಹೊಳೆ, ಬಂಡೀಪುರ, ವಯನಾಡು ಮೂರು ಕಡೆಯ ಆನೆಗಳೂ ಅಲ್ಲಿಗೆ ಬಂದು ಸೇರುತ್ತವೆ.

ಬಸ್ಸು ನಿಂತಿತು. ಹಿನ್ನೀರಿನ ಅಂಚಿನಲ್ಲಿ ಒಂದು ಗುಂಪು: ಮುದಿ ಹೆಣ್ಣಾನೆ, ಅದರ ಹಿಂದೆ ನಾಲ್ಕೈದು ದೊಡ್ಡವು, ಎರಡು ಮರಿ. ಒಂದು ಮರಿ ಕೆಸರಲ್ಲಿ ಜಾರಿ ಬಿದ್ದು ಏಳಲಾರದೆ ಒದ್ದಾಡಿತು. ಅದನ್ನು ಸೊಂಡಿಲಿನಿಂದ ಎತ್ತಿ ನಿಲ್ಲಿಸಿದ ಆನೆಯ ಹತ್ತಿರ ಅದು ಹಾಲು ಕುಡಿಯಲಿಲ್ಲ. ಎದ್ದದ್ದೇ ಇನ್ನೊಂದು ಆನೆಯ ಹೊಟ್ಟೆಯಡಿಗೆ ಹೋಯಿತು. “ಎತ್ತಿದ್ದು ಅವ್ವ ಅಲ್ಲ ಸಾ, ಚಿಕ್ಕವ್ವ” ಎಂದಳು ತಾತನ ಮೊಮ್ಮಗಳು. ಹಿಂಡಿನ ಹೆಣ್ಣಾನೆಗಳು ಅಕ್ಕತಂಗಿ, ತಾಯಿಮಗಳು, ಚಿಕ್ಕಮ್ಮ ಎಂದೇ ಇರುತ್ತವೆ, ಗಂಡು ಮಾತ್ರ ಪ್ರಾಯಕ್ಕೆ ಬಂದಾಗ ಹೊರಟುಬಿಡುತ್ತದೆ ಎಂದು ರೇಂಜರ್ ಹೇಳುವ ಮೊದಲೇ ಅವಳು ಅರ್ಧ ಕಂಡುಕೊಂಡಿದ್ದಳು. ಘೋಷಣೆಯ ಹುಡುಗ ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಬಹಳ ಹೊತ್ತು ನೋಡಿ, “ನಮ್ಮ ಹೊಲಕ್ಕೆ ಬರೋದು ಇವೇನಾ?” ಎಂದ. ಬಹುಪಾಲು ಇವಲ್ಲ, ಒಂಟಿ ಗಂಡುಗಳು ಎಂದರು ರೇಂಜರ್. ರಾಮನ್ ಸುಕುಮಾರ್ ಅವರು ಎಂಬತ್ತರ ದಶಕದ ಆರಂಭದಲ್ಲಿ ನಮ್ಮ ಪಕ್ಕದ ಚಾಮರಾಜನಗರದ ಕಾಡುಗಳಲ್ಲಿ ನಡೆಸಿದ ಅಧ್ಯಯನದಲ್ಲೂ ಪೈರಿಗೆ ನುಗ್ಗುವುದರಲ್ಲಿ ಸಲಗಗಳೇ ಮುಂದು ಎಂದಿದೆ. ಹುಡುಗ ಸ್ವಲ್ಪ ಯೋಚಿಸಿ ನನ್ನ ಕಡೆ ತಿರುಗಿ, “ಪರಿಹಾರದ ಅರ್ಜಿ ಕೊಡೋದು ಇವರಿಗೇನಾ ಸಾ?” ಎಂದು ಕೇಳಿದ. ರೇಂಜರಿಗೆ ಕೇಳಿಸಿತು. ನಕ್ಕು, ಅರ್ಜಿಗೆ ಏನೇನು ಲಗತ್ತಿಸಬೇಕೆಂದು ಅವನಿಗೇ ವಿವರವಾಗಿ ಹೇಳಿದರು. ಕಾಡಿನ ಮಧ್ಯೆ ಮರಿಯಾನೆಯನ್ನು ನೋಡುತ್ತ ಪಹಣಿ ಪ್ರತಿಯ ಮಾತಾಡಿದವರು ನಾವೊಬ್ಬರೇ ಇರಬೇಕು.

ಬೆಂಗಳೂರಿನ ಒಂದು ಶಾಲೆಯ ಮಕ್ಕಳು ಪ್ರಕೃತಿ ಶಿಬಿರಕ್ಕೆಂದು ನಮ್ಮ ಕಡೆ ಬಂದಾಗ ಎರಡೂ ಕಡೆಯವರನ್ನು ಒಂದು ದಿನ ಕೂಡಿಸಿದ್ದೆವು. ಅವರು ಒಳ್ಳೆಯ ಮಕ್ಕಳು, ಹುಲಿಯ ಬಗ್ಗೆ ನನಗಿಂತ ಹೆಚ್ಚು ಓದಿದವರು. ಕೋತಿಗೆ ಬಿಸ್ಕತ್ತು ಕೊಡಬೇಡಿ ಎಂದು ನಮ್ಮ ಹುಡುಗರು ಹೇಳಿದರೆ ‘ಪಾಪ, ಹಸಿದಿರುತ್ತೆ’ ಎನ್ನುತ್ತಿದ್ದರು. ಬಂಡೀಪುರದ ರಸ್ತೆಯಲ್ಲಿ ಕಾರು ನಿಲ್ಲಿಸಿ ಆನೆಯ ಮುಂದೆ ಸೆಲ್ಫಿಗೆ ನಿಲ್ಲುವವರ ಸುದ್ದಿ ಓದಿದಾಗಲೆಲ್ಲ ನನಗೆ ಆ ‘ಪಾಪ’ ನೆನಪಾಗುತ್ತದೆ. ಅಕ್ಕರೆಗೆ ಕೊರತೆ ಇರಲಿಲ್ಲ, ಎಷ್ಟು ದೂರ ನಿಲ್ಲಬೇಕೆಂಬುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆ ಶಿಬಿರದ ಮಕ್ಕಳಲ್ಲೊಬ್ಬಳು ತಾತನ ಮೊಮ್ಮಗಳನ್ನು, “ನಿನ್ನ ಫೇವರಿಟ್ ಅನಿಮಲ್ ಯಾವುದು?” ಎಂದು ಕೇಳಿದಳು. ಪ್ರಶ್ನೆ ಅರ್ಥ ಮಾಡಿಸಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ತಡಮಾಡದೆ, “ನಮ್ಮೆಮ್ಮೆ” ಎಂದಳು.

ಆ ಹುಡುಗಿ ಹೈಸ್ಕೂಲಿಗೆ ಹೋಗುತ್ತಿದ್ದಾಗ ಅವಳ ತಾತ ಆನೆಗೆ ಸಿಕ್ಕಿ ತೀರಿಕೊಂಡರು. ಡಿಸೆಂಬರ್‌ನ ಬೆಳಗಿನ ಜಾವ, ಹಳ್ಳದ ದಾರಿ. ಊರಿಗೆ ಊರೇ ಸಿಟ್ಟಿಗೆದ್ದಿತ್ತು. ಆ ಸಿಟ್ಟು ತಪ್ಪೆಂದು ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಹದಿಮೂರರ ಶಾಸ್ತ್ರ ಮುಗಿದ ಮೇಲೆ ಮಾತಾಡಿಸಿಕೊಂಡು ಬರೋಣವೆಂದು ಹೋದೆ. ಖೆಡ್ಡಾ ಕಂಡವರಿಗೇ ಹೀಗಾಯಿತಲ್ಲ ಎಂದು ಯಾರೋ ಅಂದರು. ಗಾಳಿ ನೋಡದೆ ಹೋದರೇನೋ ಎಂದು ಇನ್ನೊಬ್ಬರು. ಜಗುಲಿಯ ಕಂಬಕ್ಕೆ ಒರಗಿದ್ದ ಹುಡುಗಿ, “ಇಬ್ಬನೀಲಿ ಧೂಳೆಲ್ಲಿ ಸಿಕ್ತದೆ ನೋಡಕೆ? ಮಂಜು ಬೇರೆ. ತಾತಂಗೆ ಕೆಮ್ಮಿತ್ತು, ಅದೂ ಬೆದರಿರ್ತದೆ” ಎಂದಳು. ಆನೆಯನ್ನು ಕ್ಷಮಿಸಿದ ಧ್ವನಿ ಅದಲ್ಲ. ಹಾಳಾದ್ದು ಎಂದು ಶಪಿಸಿದ್ದೂ ಅಲ್ಲ. ಹೇಗಾಯಿತು ಎಂಬುದನ್ನು ಅವಳು ರಾತ್ರಿಗಟ್ಟಲೆ ಕೂಡಿಸಿ ಕಳೆದು ನೋಡಿದ್ದಳು. ನಾನು ಸಮಾಧಾನಕ್ಕೆಂದು ಜೋಡಿಸಿಕೊಂಡು ಹೋಗಿದ್ದ ಮಾತುಗಳನ್ನು ಆಡಲಿಲ್ಲ. ಆ ವರ್ಷದಿಂದ ಊರಿನವರು ಮಂಜಿನ ದಿನಗಳಲ್ಲಿ ಬಿಸಿಲು ಬಿದ್ದ ಮೇಲಷ್ಟೇ ಹಳ್ಳದ ದಾರಿ ಹಿಡಿಯುತ್ತಿದ್ದರು.

ನಾನು ನಿವೃತ್ತನಾಗಿ ಮೈಸೂರಿಗೆ ಬಂದಮೇಲಿನ ಮಾತು. 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆಯ ಯಸಳೂರಿನ ಕಾಡಿನಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಕರೆದೊಯ್ದಿದ್ದ ಸಾಕಾನೆ ಅರ್ಜುನ ಕಾಡಿನ ಸಲಗದೊಂದಿಗೆ ಕಾದಾಡಿ ಸತ್ತ. 2012ರಿಂದ 2019ರವರೆಗೆ ದಸರಾದಲ್ಲಿ 750 ಕೆ.ಜಿ.ಯ ಅಂಬಾರಿ ಹೊತ್ತವನು. ಅವನನ್ನು ಹಿಡಿದದ್ದು 1968ರಲ್ಲಿ, ಕಾಕನಕೋಟೆಯ ಖೆಡ್ಡಾದಲ್ಲೇ. ಇದ್ದದ್ದು ನಮ್ಮ ತಾಲ್ಲೂಕಿನ ಬಳ್ಳೆ ಶಿಬಿರದಲ್ಲಿ, ಹಾಗಾಗಿ ಕೋಟೆಯ ಕಡೆಯ ಮಕ್ಕಳಿಗೆ ಅವನು ಮನೆಯವನೇ. ಎರಡು ದಿನ ಬಿಟ್ಟು ಘೋಷಣೆಯ ಹುಡುಗ ಫೋನು ಮಾಡಿದ. ಈಗ ಅವನು ಅರಣ್ಯ ಇಲಾಖೆಯಲ್ಲಿ ವಾಚರ್. ಸೋಲಾರ್ ಬೇಲಿ ಎಲ್ಲಿ ಕಡಿದಿದೆ, ಆನೆ ಎಲ್ಲಿ ದಾಟಿದೆ ಎಂದು ಹಗಲೂ ರಾತ್ರಿ ನೋಡುವ ಕೆಲಸ. “ನಮ್ಮ ಹೈದ ಊಟ ಬುಟ್ಟವ್ನೆ ಸಾ. ಕೇಳಿದ್ದಕ್ಕೆ ನಂಗೆ ಉತ್ರ ಹೇಳಕಾಗ್ತಿಲ್ಲ. ನೀವೇ ಒಸಿ ಮಾತಾಡಿ” ಎಂದು ಮಗನ ಕೈಗೆ ಫೋನು ಕೊಟ್ಟ.

“ಆ ಕಾಡಾನೆಗೆ ಏನ್ ಮಾಡ್ತಾರೆ?”

ಏನೂ ಮಾಡಲ್ಲಪ್ಪ ಎಂದೆ.

“ಅರ್ಜುನನ್ನ ಸಾಯಿಸ್ತಲ್ಲ, ತಪ್ಪಲ್ವಾ?”

“ಅದು ತನ್ನ ಜಾಗದಲ್ಲಿತ್ತು. ಅರ್ಜುನ ಅಲ್ಲಿಗೆ ಹೋಗಿದ್ದು.”

“ಅವನಾಗೇ ಹೋಗಿರ್ಲಿಲ್ಲ, ಲಾರಿ ಹತ್ತಿಸ್ಕೊಂಡು ಹೋಗಿದ್ದು.”

“ಹೌದು.”

“ಯಾಕೆ ಹತ್ತಿಸಿದ್ರು?”

“ಅಲ್ಲಿನ ಕಾಫಿ ತೋಟಗಳಿಗೆ ಆನೆ ಬರ್ತಿದ್ವು. ಜನ ಸತ್ತಿದ್ರು.”

“ಅವು ತೋಟಕ್ಕೆ ಯಾಕ್ ಬರ್ತಿದ್ವು?”

ಮೊದಲು ಅಲ್ಲಿ ಕಾಡಿತ್ತು, ಈಗ ತುಂಡು ತುಂಡಾಗಿದೆ, ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ತೋಟ ದಾಟಲೇಬೇಕು ಎಂದು ವಿವರಿಸಲು ಶುರು ಮಾಡಿದೆ. ಹುಡುಗ ನಡುವೆ ಬಾಯಿ ಹಾಕಿ, ಎಷ್ಟು ದೊಡ್ಡ ತುಂಡು, ತುಂಡಿಗೆ ಎಷ್ಟು ಆನೆ, ನಡುವೆ ಎಷ್ಟು ದೂರ ಎಂದು ಕೇಳುತ್ತಲೇ ಹೋದ. ಹಿಂದಿನಿಂದ ಅಪ್ಪನ ಧ್ವನಿ ಕೇಳಿಸಿತು. ಫೋನು ಕಿತ್ತುಕೊಂಡವನೇ, “ಸಾಕು ಬುಡಿ ಸಾ, ಇವ್ನು ಬೆಳಗಾನ ಕೇಳ್ತಾ ಕೂರ್ತಾನೆ. ನಂಗೆ ಬೀಟ್‌ಗೆ ಹೊತ್ತಾಯ್ತು, ಕೆರೆ ಕಡೆ ಆನೆ ಬಂದದಂತೆ” ಎಂದು ಇಟ್ಟುಬಿಟ್ಟ.